ಎಣ್ಣೆ ಕಾಣದ ಅಂಗಾಲು

ಹಚ್ಚಬೇಡ ಅಂದರೂ ಹೋಸಿಯಾ ಟಾಲಿವರ್ ಹಚ್ಚಿಕೊಂಡ. ಬಚ್ಚಲುಮನೆಯ ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತು, ಕೋಕೋ ಬೆಣ್ಣೆಯ ಡಬ್ಬಿಗೆ ಎರಡು ಬೆರಳು ಹಾಕಿ, ಅಂಗೈಯಲ್ಲಿ ತಿಕ್ಕಿ ಕರಗಿಸಿ, ಮೊದಲು ಕುತ್ತಿಗೆಗೆ, ಆಮೇಲೆ ತೋಳಿಗೆ, ಎದೆಗೆ, ಹೊಟ್ಟೆಗೆ, ಸೊಂಟದ ಎರಡೂ ಬದಿಗೆ. ನಿನ್ನೆ ಸಂಜೆ ಮಗಳು ಯೋಲಾಂಡ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು: “ಅಪ್ಪಾ, ಆಸ್ಪತ್ರೆಯವ್ರು ಹೇಳಿದಾರೆ, ಮೈಗೆ ಏನೂ ಹಚ್ಕೊಂಡು ಬರ್ಬೇಡಿ ಅಂತ. ಕೇಳಿಸ್ತಾ? ಏನೂ ಅಂದ್ರೆ ಏನೂ.” ಕೇಳಿಸಿತ್ತು. ಎಪ್ಪತ್ತೊಂದು ವರ್ಷದ ಕಿವಿ ಇನ್ನೂ ಚೆನ್ನಾಗಿಯೇ ಇತ್ತು. ಆದರೆ ಕೈಗೆ ಅದಕ್ಕಿಂತ ಹಳೆಯ ಮಾತೊಂದು ಗೊತ್ತಿತ್ತು. ಮಿಸಿಸಿಪ್ಪಿಯ ಆ ಎರಡು ಕೋಣೆಯ ಮನೆಯ ಹಿತ್ತಲಲ್ಲಿ, ಪೇಟೆಗೆ ಹೊರಡುವ ಮುಂಚೆ ಅಮ್ಮ ಐದೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಣಕಾಲಿಗೆ, ಮೊಣಕೈಗೆ, ಹಿಮ್ಮಡಿಗೆ ಹಂದಿಯ ಕೊಬ್ಬು ತಿಕ್ಕುತ್ತಿದ್ದಳು. “ಬೂದಿ ಬಡ್ಕೊಂಡು ಬಿಳಿಯರ ಎದುರು ನಿಂತ್ರೆ ಏನಂದ್ಕೋತಾರೆ? ಇವಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ ಅಂದ್ಕೋತಾರೆ. ತಿರುಗು, ಇನ್ನೊಂದು ಕಾಲು.” ಬಿಳಿಯರ ಮೈ ಚಳಿಗೆ ಒಣಗಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪು ಮೈ ಒಣಗಿದರೆ ಒಲೆಯ ಬೂದಿಯಲ್ಲಿ ಹೊರಳಾಡಿ ಬಂದ ಹಾಗೆ ಕಾಣುತ್ತದೆ. ಇದು ಮಿಲ್ವಾಕಿಯ ಫೆಬ್ರವರಿ. ಸರೋವರದ ಕಡೆಯಿಂದ ಬರುವ ಗಾಳಿ ಮೂರು ಅಂಗಿ ದಾಟಿ ಒಳಗೆ ಬರುತ್ತದೆ. ಕನ್ನಡಿಯಲ್ಲಿ ಮೈ ಈಗ ಮಿರಿಮಿರಿ ಮಿಂಚುತ್ತಿತ್ತು. ಸೊಂಟದ ಸುತ್ತ, ತೊಡೆಯ ಒಳಗೆ, ಮೂರು ವರ್ಷದಿಂದ ಹಬ್ಬುತ್ತಿದ್ದ ಬಣ್ಣ ಮಾಸಿದ ಕಲೆಗಳು, ಅವುಗಳ ಮೇಲಿನ ತೆಳ್ಳನೆಯ ಹೊಟ್ಟು, ಎಲ್ಲವೂ ಆ ಮಿಂಚಿನೊಳಗೆ ಸೇರಿಹೋಗಿದ್ದವು. ಸಮಾಧಾನವಾಯಿತು. ಪಾದಗಳಿಗೆ ಮಾತ್ರ ಹಚ್ಚಲಿಲ್ಲ. ಎರಡು ವರ್ಷದಿಂದ ಹಚ್ಚಿಲ್ಲ. ಸೊಂಟ ಬಗ್ಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಷೂ ಲೇಸು ಕಟ್ಟಿಕೊಳ್ಳುವಾಗ ಅದೇ ಸೊಂಟ ಬಗ್ಗುತ್ತದೆ. ನೋಡದೆಯೇ ಕಾಲುಚೀಲ ಎಳೆದುಕೊಂಡು, ಚರ್ಚಿಗೆ ಹಾಕುವ ಬೂದು ಸೂಟು ತೊಟ್ಟು, ಟೈ ಕಟ್ಟಿ, ಹೊರಗೆ ಹಾರ್ನ್ ಕೇಳಿಸುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ.

ಕಾರಿನ ಬಾಗಿಲು ಮುಚ್ಚಿದ ಕೂಡಲೇ ಯೋಲಾಂಡ ಮೂಗೆಳೆದಳು. “ಏನಪ್ಪಾ ಇದು ಘಮಘಮ! ಕೇಕ್ ಅಂಗಡಿ ಹೊಕ್ಕ ಹಾಗಿದೆ. ಹಚ್ಕೊಂಡ್ಯಾ?” “ಸ್ವಲ್ಪ.” “ಸ್ವಲ್ಪವಂತೆ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿತ್ತಂತೆ. ನನಗೆ ಮೂಗಿದೆಯಪ್ಪಾ.” ನಕ್ಕಳು. ಅವಳಿಗೆ ನಲವತ್ತನಾಲ್ಕು, ಅಂಚೆ ಕಚೇರಿಗೆ ರಜೆ ಹಾಕಿ, ತೊಂಬತ್ತು ಮೈಲಿ ದೂರದ ಷಿಕಾಗೋಗೆ ಅವನನ್ನು ಕರೆದೊಯ್ಯುತ್ತಿದ್ದಳು. ಕಪ್ಪು ಚರ್ಮದ ರೋಗಗಳನ್ನೇ ಓದಿಕೊಂಡು ಅದನ್ನೇ ನೋಡುವ ಡಾಕ್ಟರಂತೆ, ಅವಳೂ ನಮ್ಮವಳೇ ಅಂತೆ. ಏಳು ತಿಂಗಳ ಹಿಂದೆ ಹೆಸರು ಬರೆಸಿದ್ದು ಇವತ್ತಿಗೆ ಸರದಿ ಬಂದಿತ್ತು. ಹೆದ್ದಾರಿಗೆ ಬಂದಮೇಲೆ ಅವಳ ನಗು ನಿಂತಿತು. ಅವಳು ಏನು ಹೇಳಲಿದ್ದಾಳೆ ಎಂದು ಹೋಸಿಯಾನಿಗೆ ಗೊತ್ತಿತ್ತು. ಅವನು ಕಿಟಕಿಯ ಕಡೆ ಮುಖ ಮಾಡಿದ. “ಅಮ್ಮನಿಗೆ ಇಂಥ ಡಾಕ್ಟರ್ ಸಿಕ್ಕಿದ್ರೆ ಇವತ್ತು ಹಿಂದಿನ ಸೀಟಲ್ಲಿ ಕೂತು, ನಿಧಾನ ಹೋಗೇ ಹುಡುಗಿ ಅಂತ ಪ್ರಾಣ ತಿಂತಿದ್ಲು. ಅವಳನ್ನ ನೋಡ್ತಿದ್ದ ಆ ಡಾಕ್ಟರ್ ಮನುಷ್ಯ! ಒಂದು ಸಲ, ಒಂದೇ ಒಂದು ಸಲ ಷೂ ಬಿಚ್ಚಮ್ಮಾ ಅನ್ನಲಿಲ್ವಲ್ಲಪ್ಪಾ. ಕೇಳೋದಕ್ಕೆ ಏನು ಗಂಟು ಹೋಗ್ತಿತ್ತು?” ಹೋಸಿಯಾ ಹೂಂ ಅಂದ. ಎರಡು ವರ್ಷದಿಂದ ಅವಳು ಇದನ್ನು ಹೇಳುತ್ತಿದ್ದಾಳೆ: ಅಡುಗೆಮನೆಯಲ್ಲಿ, ಗೋರಿಯ ಹತ್ತಿರ, ಒಂದು ಭಾನುವಾರ ಚರ್ಚಿನಲ್ಲಿ ಎದ್ದುನಿಂತು ಇಡೀ ಸಭೆಯ ಎದುರಿಗೆ. ಅವತ್ತು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು, ಪಾದ್ರಿ ಬಂದು ಹೋಸಿಯಾನ ಭುಜ ಹಿಡಿದುಕೊಂಡರು. ಬಂದವರನ್ನು ಕೂರಿಸುವ ಚರ್ಚಿನ ಸೇವೆಗೆ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತಿದ್ದ ಅವನು ಆ ಸಂತಾಪವನ್ನು ಕಾಣಿಕೆ ತಟ್ಟೆಯ ಹಾಗೆ ಸುಮ್ಮನೆ ತೆಗೆದುಕೊಂಡ. ಡಾಕ್ಟರು ಕೇಳಿದ್ದರು. ಅದು ಹೋಸಿಯಾನನ್ನೂ ಹೆಂಡತಿ ವರ್ನೀಸಳನ್ನೂ ಬಿಟ್ಟು ಮನೆಯಲ್ಲಿ ಮೂರನೆಯವರಿಗೆ ಗೊತ್ತಿರಲಿಲ್ಲ. ವರ್ನೀಸ್ ಈಗ ಇರಲಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನಿಂತು ಬೇಯಿಸಿದ ಕಾಲು ಅವಳದು. ಭಾನುವಾರ ಊಟವಾದ ಮೇಲೆ ಸೋಫಾದ ಮೇಲೆ ಒರಗಿ ಎರಡೂ ಪಾದಗಳನ್ನು ಅವನ ತೊಡೆಯ ಮೇಲಿಡುತ್ತಿದ್ದಳು, ಅವನು ಕೋಕೋ ಬೆಣ್ಣೆ ತಿಕ್ಕುತ್ತಿದ್ದ. “ಬೆರಳು ಸಂದಿ ಮರೀಬೇಡ ಟಾಲಿವರ್. ಸಂಬಳ ಕೊಡೋದು ಪೂರ್ತಿ ಕೆಲಸಕ್ಕೆ.” ಹಾಗೆ ತಿಕ್ಕುವಾಗಲೇ ಎಡ ಅಂಗಾಲಿನಲ್ಲಿ, ಹಿಮ್ಮಡಿಗಿಂತ ಸ್ವಲ್ಪ ಮುಂದೆ, ಅದನ್ನು ಕಂಡದ್ದು. ಅಲಸಂದೆ ಕಾಳಿನ ಕಣ್ಣಿನಷ್ಟು ಕಪ್ಪು, ಅಂಚು ಶಾಯಿ ಹೀರಿದ ಕಾಗದದಂತೆ ಹರಡಿಕೊಂಡಿತ್ತು. “ಷೂ ಕಚ್ಚಿದೆ,” ಅಂದ. “ಹೌದಾ?” ಅಂದಳು. ತನ್ನ ಅಂಗಾಲನ್ನು ತಾನು ನೋಡಿಕೊಳ್ಳುವಷ್ಟು ಮೊಣಕಾಲು ಮಡಚುತ್ತಿರಲಿಲ್ಲ ಅವಳಿಗೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ನಿಜ, ಅಂಗಾಲಿನದಕ್ಕೆ ಬೇಕು. ಅವಳ ಕನ್ನಡಿ ಇವನೇ ಆಗಿದ್ದ. ಮೂರು ತಿಂಗಳಾದರೂ ಹೋಗದಿದ್ದಾಗ, ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗುವ ದಿನ ಅದನ್ನೂ ತೋರಿಸೋಣ ಎಂದು ಅವಳೇ ಅಂದಿದ್ದಳು. ಆ ಬೆಳಿಗ್ಗೆ ಕಾರು ಸ್ಟಾರ್ಟಾಗದೆ, ಬಸ್ಸಿಗೆ ಓಡಿ, ಅವಸರದಲ್ಲಿ ಅವಳ ಕಾಲಿಗೆ ಏನೂ ಹಚ್ಚಲಾಗಿರಲಿಲ್ಲ. ಹಿಮ್ಮಡಿ ಬೂದುಗಟ್ಟಿ, ಬಿರುಕು ಬಿಟ್ಟು, ಬಿರುಕಿನಲ್ಲಿ ಕಾಲುಚೀಲದ ನೂಲು ಸಿಕ್ಕಿಕೊಂಡಿತ್ತು. ಅದನ್ನು ಅವನು ನೋಡಿದ್ದ. ಡಾಕ್ಟರು ಸಕ್ಕರೆಯ ಲೆಕ್ಕ ಹೇಳಿ ಮುಗಿಸಿ, ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟಿದ್ದರು. ಆಗ ವರ್ನೀಸ್ ಮೆಲ್ಲಗೆ, ಕಾಲಲ್ಲಿ ಒಂದು ಕಲೆ ಇದೆ ಅಂದಳು. ಡಾಕ್ಟರು ಗಡಿಯಾರ ನೋಡಿ, “ಷೂ ಬಿಚ್ತೀರಾ, ನೋಡ್ಲಾ?” ಅಂದರು. ವರ್ನೀಸ್ ಗಂಡನ ಮುಖ ನೋಡಿದಳು. ಆ ಬೆಳ್ಳನೆಯ ಕೋಣೆಯಲ್ಲಿ, ಆ ಬೆಳ್ಳನೆಯ ಮನುಷ್ಯನ ಮುಂದೆ, ಹೆಂಡತಿಯ ಬೂದುಗಟ್ಟಿದ ಹಿಮ್ಮಡಿ ಹೊರಬರುವುದನ್ನು ಹೋಸಿಯಾ ಕಣ್ಣೆದುರೇ ಕಂಡ. “ಏನಿಲ್ಲ ಡಾಕ್ಟರೇ, ಷೂ ಕಚ್ಚಿರೋದು,” ಅಂದ. ಅವಳಿಗೆ, “ಮುಂದಿನ ಸಲ ತೋರಿಸಿದ್ರಾಯ್ತು ಬಿಡೆ,” ಅಂದ. ಮುಂದಿನ ಸಲ ಬಂದದ್ದು ಹದಿನಾಲ್ಕು ತಿಂಗಳಾದ ಮೇಲೆ. ಆ ಹೊತ್ತಿಗೆ ಅಂಗಾಲಿನ ಕ್ಯಾನ್ಸರ್ ತೊಡೆಯ ಸಂದಿನ ಗ್ರಂಥಿಗೆ ಹತ್ತಿ, ಶ್ವಾಸಕೋಶಕ್ಕೆ ಹಬ್ಬಿತ್ತು.

“ಹೀಟರ್ ಜಾಸ್ತಿ ಮಾಡ್ಲಾ? ನಡುಗ್ತಿದೀಯಲ್ಲ,” ಅಂದಳು ಯೋಲಾಂಡ. ಬೇಡ ಅಂದ. ಸೊಂಟದ ಹತ್ತಿರ ನವೆ ಶುರುವಾಗಿತ್ತು. ಮಗಳ ಎದುರು ಕೆರೆದುಕೊಳ್ಳಲಾರದೆ ಸೀಟಿನ ಅಂಚಿಗೆ ಮೈ ಒತ್ತಿದ. ಕಳೆದ ಬೇಸಿಗೆಯಲ್ಲಿ ಊರಿನ ಚರ್ಮದ ಡಾಕ್ಟರ ಹತ್ತಿರವೂ ಹೀಗೇ ಸೂಟು ತೊಟ್ಟು, ಮೈ ಮಿಂಚಿಸಿಕೊಂಡು ಹೋಗಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಮೊದಲು ಹೆಸರು ಬರೆದುಕೊಳ್ಳುವ ಕಿಟಕಿಯಲ್ಲಿದ್ದ ಮೊಮ್ಮಗಳ ವಯಸ್ಸಿನ ಹುಡುಗಿಯ ಎದುರು ಮುಕ್ಕಾಲು ಗಂಟೆ ಕಾಯಬೇಕಾಯಿತು. ವಿಮೆ ಇದೆಯಾ ಎಂದು ಎರಡು ಸಲ ಕೇಳಿ, “ಹೋಸಿಯಾ, ಅಲ್ಲಿ ಕೂತ್ಕೋ,” ಅಂದಿದ್ದಳು. ಮೂವತ್ತು ವರ್ಷ ಕಾರ್ಖಾನೆಯ ಮೇಸ್ತ್ರಿಗಳ ಬಾಯಲ್ಲಿ, ಮಿಸ್ಟರ್ ಇಲ್ಲದೆ, ಬರೀ ಹೋಸಿಯಾ ಆಗಿದ್ದು ಸಾಲದೇ ಎಂದುಕೊಂಡು ಹೋಗಿ ಕೂತ. ಡಾಕ್ಟರು ಒಳಗೆ ಬಂದು ಎರಡು ಮಾರು ದೂರದಲ್ಲಿ ನಿಂತು ಮೈ ನೋಡಿದರು. ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. ಪರದೆಯ ಮೇಲೆ ಒಂದರ ಹಿಂದೆ ಒಂದು ಚಿತ್ರ: ಗುಲಾಬಿ ಮೈ, ಗುಲಾಬಿ ಮೈ, ಗುಲಾಬಿ ಮೈಯ ಮೇಲೆ ಕೆಂಪು ಕಲೆ. ಹೋಸಿಯಾ ತನ್ನ ತೋಳು ನೋಡಿಕೊಂಡ. ಅದರ ಮೇಲೆ ಕೆಂಪು ಎಲ್ಲಿಂದ ಬರಬೇಕು? “ಒಣ ಚರ್ಮ ಅಷ್ಟೇ. ಸೋಪು ಕಮ್ಮಿ ಮಾಡಿ,” ಎಂದು ಮುಲಾಮು ಬರೆದುಕೊಟ್ಟರು. ನಾಲ್ಕು ನಿಮಿಷ. ಒಂದು ಬೆರಳೂ ತಾಗಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಅವನಿಗೆ ತಾನು ದುಡಿದ ತೊಗಲು ಹದ ಮಾಡುವ ಕಾರ್ಖಾನೆ ನೆನಪಾಗಿತ್ತು. ಅಲ್ಲಿ ಕೊನೆಯ ಹನ್ನೆರಡು ವರ್ಷ ವಿಂಗಡಣೆಯ ಮೇಜು ಅವನದು. ಒಂದೊಂದು ತೊಗಲನ್ನೂ ಹರಡಿ, ಒದ್ದೆ ಬಟ್ಟೆಯಿಂದ ಒರೆಸಿ, ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಅಂಗೈಯಿಂದ ಸವರಿ, ಇಲ್ಲಿ ಉಣ್ಣಿ ಕಚ್ಚಿದೆ, ಇಲ್ಲಿ ಮುಳ್ಳುತಂತಿ ಗೀರಿದೆ ಎಂದು ಹೇಳುವುದು. “ಎಣ್ಣೆ ಮೈ ಸುಳ್ಳು ಹೇಳುತ್ತೆ ಕಣೋ. ಒರೆಸದೆ ತೀರ್ಪು ಕೊಡಬೇಡ,” ಎಂದು ಪೋಲೆಂಡಿನ ಮುದುಕ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಸತ್ತ ದನದ ತೊಗಲಿಗಾದರೂ ಯಾರೋ ಒಬ್ಬ ಕೈಯಿಡುತ್ತಿದ್ದ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದ; ಅಂದುಕೊಂಡು, ತನ್ನನ್ನು ತಾನೇ ದನಕ್ಕೆ ಹೋಲಿಸಿಕೊಂಡೆನಲ್ಲ ಎಂದು ನಾಚಿದ್ದ. ಆ ನಾಚಿಕೆಯ ಕೆಳಗೆ ಇನ್ನೊಂದಿತ್ತು. ಸಾವಿರಾರು ತೊಗಲುಗಳ ಮೇಲೆ ಸಾಸಿವೆಯಷ್ಟು ಊನ ಕಂಡುಹಿಡಿದ ಕೈ, ವಾರವಾರವೂ ಹೆಂಡತಿಯ ಅಂಗಾಲನ್ನು ಎಣ್ಣೆ ಹಚ್ಚಿ ಸವರುತ್ತಿತ್ತು. ಒರೆಸಿ ನೋಡಿರಲಿಲ್ಲ.

ಷಿಕಾಗೋದ ಆಸ್ಪತ್ರೆಯ ಕೋಣೆಯಲ್ಲಿ ಕಾದು ಕೂತವರೆಲ್ಲ ತಮ್ಮ ಬಣ್ಣದವರೇ. ಹೋಸಿಯಾನಿಗೆ ಒಂದು ಕ್ಷಣ ಚರ್ಚಿಗೆ ಬಂದ ಹಾಗಾಯಿತು, ಟೈ ಸರಿಮಾಡಿಕೊಂಡ. ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸು ನೇರಳೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಳು. ನೆತ್ತಿಯ ಕೂದಲು ಉದುರಿದೆ ಎಂದು ತಾನೇ ಹೇಳಿದಳು. “ಎಷ್ಟು ತಿಂಗಳು ಕಾದ್ರಿ ನೀವು? ಏಳಾ? ನಂದು ಒಂಬತ್ತು. ಈ ವಯಸ್ಸಲ್ಲಿ ಬಸುರಾಗಿದ್ರೂ ಇಷ್ಟೊತ್ತಿಗೆ ಹೆರಿಗೆ ಆಗ್ಬಿಡ್ತಿತ್ತು!” ಇಡೀ ಕೋಣೆ ನಕ್ಕಿತು. ಅವಳು ನಗುತ್ತಲೇ ದನಿ ತಗ್ಗಿಸಿದಳು: “ಮೊದಲಿನ ಡಾಕ್ಟರ್ ನನ್ನ ತಲೇನ ಪೆನ್ಸಿಲಿನ ತುದಿಯಿಂದ ಮುಟ್ಟಿ ನೋಡ್ದ ಕಣಣ್ಣ. ಪೆನ್ಸಿಲಿನ ತುದಿಯಿಂದ.” ಯೋಲಾಂಡ ಥೂ ಅಂದಳು. ಇನ್ನು ಅವಳು ಅಮ್ಮನ ಕಥೆ ತೆಗೆಯುತ್ತಾಳೆ ಎಂದು ಹೋಸಿಯಾನಿಗೆ ತಿಳಿಯಿತು, ಅವಳು ತೆಗೆದಳು. “ನಮ್ಮಮ್ಮನ ಡಾಕ್ಟರ್ ಅವಳ ಕಾಲು ನೋಡ್ಲೇ ಇಲ್ಲ. ಕೇಳ್ಲೂ ಇಲ್ಲ.” ಟೋಪಿಯ ಹೆಂಗಸು ಹೋಸಿಯಾನ ಕಡೆ ತಿರುಗಿ ಅವನ ಕೈಮೇಲೆ ಕೈಯಿಟ್ಟಳು. ಎಷ್ಟು ಅನುಭವಿಸಿದ್ರೋ ಅಣ್ಣ, ಅಂದಳು. ಹೋಸಿಯಾ ಆ ಕೈಯನ್ನು ತಳ್ಳಲಾರದೆ, ಇಟ್ಟುಕೊಳ್ಳಲಾರದೆ ಕೂತ. ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬಳು, “ಮಿಸ್ಟರ್ ಟಾಲಿವರ್ ಯಾರು? ಬನ್ನಿ ಸರ್,” ಅಂದಳು. ಮಗಳು ಜೊತೆಗೆ ಎದ್ದಾಗ, ನೀನು ಇಲ್ಲೇ ಇರು ಎಂದು ಅವಳನ್ನು ಅಲ್ಲಿಯೇ ಬಿಟ್ಟು ಒಳಗೆ ಹೋದ.

ಡಾಕ್ಟರ್ ಗೇದರ್ ಸಣ್ಣ ಹೆಂಗಸು, ನಲವತ್ತು ದಾಟಿಲ್ಲ, ತಲೆತುಂಬ ಸಣ್ಣ ಜಡೆಗಳು. ಬಂದವಳು ನಿಲ್ಲಲಿಲ್ಲ, ಗಾಲಿಯ ಸ್ಟೂಲನ್ನು ಎಳೆದುಕೊಂಡು ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಗೌನು ಸರಿಸಿ ನೋಡಿದಳು, ಮೂಸಿದಳು, ನಕ್ಕಳು. “ಕೋಕೋ ಬೆಣ್ಣೆ. ನಮ್ಮಜ್ಜಿ ಮನೆ ನೆನಪಾಯ್ತು. ಹಚ್ಕೋಬೇಡಿ ಅಂತ ಫೋನಲ್ಲಿ ಹೇಳ್ತೀವಿ, ಯಾರೂ ಕೇಳಲ್ಲ. ಹೋಗ್ಲಿ ಬಿಡಿ, ಯಾರಿಗೋಸ್ಕರ ಇಷ್ಟು ಸಿಂಗಾರ?” ಹೋಸಿಯಾ ನಾಚಿ, “ಬೂದಿ ಬಡ್ಕೊಂಡು ಬರೋದಾ ತಾಯಿ?” ಅಂದ. “ಬರಬೇಕು. ನನ್ನ ಹತ್ರ ಹಾಗೇ ಬರಬೇಕು. ಆ ಬೂದೀನೇ ನನಗೆ ಬೇಕಾಗಿರೋದು.” ಒದ್ದೆ ಬಟ್ಟೆ ತೆಗೆದುಕೊಂಡು ಸೊಂಟದ ಸುತ್ತ ಒರೆಸತೊಡಗಿದಳು. ಒರೆಸಿ, ಆರಲು ಬಿಟ್ಟು, ದೀಪವನ್ನು ಓರೆಯಾಗಿ ಹಿಡಿದು, ಬರಿಗೈಯಿಂದ ಸವರಿದಳು. ಹೋಸಿಯಾ ಉಸಿರು ಹಿಡಿದ. ಒರೆಸು, ಬೆಳಕಿಗೆ ಹಿಡಿ, ಸವರು. ಅದೇ ಕ್ರಮ, ಅದೇ ನಿಧಾನ. ವರ್ನೀಸ್ ಹೋದ ಮೇಲೆ ಅವನ ಮೈಯನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. ಡಾಕ್ಟರ ನಗು ಮಾತ್ರ ಮೆಲ್ಲಗೆ ಕರಗಿತು. ಒಂದು ಕಲೆಯ ಮೇಲೆ ಬೆರಳು ನಿಂತಿತು, ಇನ್ನೊಂದಕ್ಕೆ ಹೋಯಿತು, ಮತ್ತೆ ಮೊದಲಿನದಕ್ಕೆ ಬಂತು. “ಇದು ಒಣ ಚರ್ಮ ಅಲ್ಲ ಮಿಸ್ಟರ್ ಟಾಲಿವರ್. ನಿಮಗೆ ಸುಳ್ಳು ಹೇಳಲ್ಲ. ರಕ್ತದ ಬಿಳಿ ಕಣಗಳು ಚರ್ಮಕ್ಕೆ ಬಂದು ಕೂರೋ ಒಂಥರಾ ಕ್ಯಾನ್ಸರ್ ಇರಬಹುದು. ನಿಧಾನದ್ದು. ಎರಡು ಕಡೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಮೂರು ವರ್ಷದ ಹಿಂದೆ ಯಾರಾದ್ರೂ ಒರೆಸಿ ನೋಡಿದ್ರೆ ಚೆನ್ನಾಗಿತ್ತು.” ಹೋಸಿಯಾ ತಲೆಯಾಡಿಸಿದ. ವಿಚಿತ್ರವೆಂದರೆ ಹೆದರಿಕೆಯಾಗಲಿಲ್ಲ. ಶಿಕ್ಷೆ ಕೊಡಬೇಕಾದವರು ಕೊನೆಗೂ ಕೊಟ್ಟರು ಅನ್ನಿಸಿತು, ಅಷ್ಟೇ.

“ಕಾಲುಚೀಲ ಬಿಚ್ಚಿ.” ಅವನು ಅಲುಗಲಿಲ್ಲ. “ಪಾದದಲ್ಲಿ ಏನಿಲ್ಲ ತಾಯಿ.” “ಇರಲಿ, ನಾನು ಎಲ್ಲರದ್ದೂ ನೋಡ್ತೀನಿ. ಉಗುರು, ಅಂಗಾಲು, ಬೆರಳಿನ ಸಂದಿ. ನಮ್ಮವರಿಗೆ ಕೆಟ್ಟ ಕಲೆ ಬರೋದು ಅಲ್ಲೇ ಜಾಸ್ತಿ, ಯಾರೂ ನೋಡದೆ ಇರೋ ಕಡೆ.” ಅವತ್ತು ಏನಿಲ್ಲ ಡಾಕ್ಟರೇ ಅಂದದ್ದೂ ಇದೇ ದನಿ ಎಂದು ಅವನಿಗೆ ಆಗ ಕೇಳಿಸಿತು. ಅವಳು ಕಾಯಲಿಲ್ಲ, ತಾನೇ ಬಗ್ಗಿ ಎರಡೂ ಕಾಲುಚೀಲ ಎಳೆದಳು. ಎರಡು ವರ್ಷ ಎಣ್ಣೆ ಕಾಣದ ಪಾದಗಳು ದೀಪದ ಕೆಳಗೆ ಬಿದ್ದವು, ಬೂದಿ ಬಣ್ಣ, ಬಿರುಕು ಬಿಟ್ಟ ಹಿಮ್ಮಡಿ, ಉದುರಿದ ಹೊಟ್ಟು ಮೇಜಿನ ಕಾಗದದ ಮೇಲೆ. ಹೋಸಿಯಾ ಕಣ್ಣುಮುಚ್ಚಿದ. ಅವಳು ಎಡ ಅಂಗಾಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಾಗ ಅವನ ಬಾಯಿಂದ ಮಾತು ತಾನಾಗಿ ಹೊರಬಿತ್ತು: “ಅಲ್ಲೇ. ನನ್ನ ಹೆಂಡ್ತಿಗೂ ಅಲ್ಲೇ ಇತ್ತು.” ಎಲ್ಲ ಹೇಳಿದ. ಬಸ್ಸಿಗೆ ಓಡಿದ್ದು, ನೂಲು ಸಿಕ್ಕಿಕೊಂಡ ಹಿಮ್ಮಡಿ, ಬಾಗಿಲ ಹಿಡಿಯ ಮೇಲಿದ್ದ ಡಾಕ್ಟರ ಕೈ, ಗಡಿಯಾರ, ಅವಳು ತನ್ನ ಮುಖ ನೋಡಿದ್ದು, ತಾನು ಬೇಡ ಅಂದದ್ದು. “ಅವತ್ತೇ ಬಿಚ್ಚಿ ತೋರಿಸಿದ್ರೆ ಬದುಕ್ತಿದ್ಲಾ ತಾಯಿ? ಅದೊಂದು ಹೇಳಿ. ಅದನ್ನ ಕೇಳೋಕೇ ನಾನು ಬಂದಿರೋದು.” ಡಾಕ್ಟರ್ ಗೇದರ್ ಪಾದವನ್ನು ಕೆಳಗಿಡಲಿಲ್ಲ. “ಬದುಕ್ತಿದ್ರೋ ಇಲ್ವೋ ನನಗೆ ಗೊತ್ತಿಲ್ಲ. ಅವಕಾಶ ಜಾಸ್ತಿ ಇರ್ತಿತ್ತು. ಬಾಗಿಲ ಹಿಡಿ ಹಿಡ್ಕೊಂಡು ಕೇಳೋದು ಕೇಳಿದ ಹಾಗಲ್ಲ ಮಿಸ್ಟರ್ ಟಾಲಿವರ್. ಅವರು ಕೂತು, ಕೈ ತೊಳ್ಕೊಂಡು, ಷೂ ತಾವೇ ಬಿಚ್ಚಬೇಕಿತ್ತು. ಅದು ನಮ್ಮ ಕೆಲಸ.” “ಆದ್ರೂ ಕೇಳಿದ್ರಲ್ಲ,” ಅಂದ. ಅವಳು ಬಲಗಾಲನ್ನು ಕೈಗೆತ್ತಿಕೊಂಡು, “ನಿಮ್ಮ ಮಗಳಿಗೆ ಗೊತ್ತಾ?” ಅಂದಳು. ಇಲ್ಲ ಎಂದು ತಲೆಯಾಡಿಸಿದ. ಬಲ ಅಂಗಾಲನ್ನೂ ಅಷ್ಟೇ ನಿಧಾನವಾಗಿ ನೋಡಿ ಮುಗಿಸಿ, ಇಲ್ಲಿ ಏನೂ ಇಲ್ಲ ಅಂದಳು. ಸೊಂಟದ ಎರಡು ಕಡೆ ಸೂಜಿ ಚುಚ್ಚಿ, ಮರಗಟ್ಟಿಸಿ, ಚೂರು ತೆಗೆದು, ಪಟ್ಟಿ ಹಾಕಿದಳು. ನೋವಾಗಲಿಲ್ಲ. “ಗಾಯ ನೋಡ್ಕೊಳ್ಳೋದು ಹೇಗೆ ಅಂತ ನಿಮ್ಮ ಮಗಳಿಗೂ ಹೇಳ್ಬೇಕು. ಕರೆಸ್ಲಾ?” ಕರೆಸಿ, ಅಂದ. ಕಾಲುಚೀಲಕ್ಕೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ.

ಯೋಲಾಂಡ ಒಳಗೆ ಬಂದು ಮೊದಲು ಪಟ್ಟಿ ನೋಡಿದಳು, ಡಾಕ್ಟರ ಮಾತು ಕೇಳಿದಳು, ಕ್ಯಾನ್ಸರ್ ಅನ್ನುವ ಮಾತು ಬಂದಾಗ ಗೋಡೆಗೆ ಕೈಯಿಟ್ಟುಕೊಂಡಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. “ಅಯ್ಯೋ ಅಪ್ಪಾ! ಏನಿದು ಕಾಲು? ಡಾಕ್ಟರೆದುರು ಹೀಗಾ? ನನ್ನ ಮಾನ ತೆಗೆದ್ಯಲ್ಲ.” ಅಳು ಬರುವುದನ್ನು ಬೈಗುಳದಲ್ಲಿ ಮುಚ್ಚುವುದು ಅವಳ ತಾಯಿಯ ಅಭ್ಯಾಸ. ಚೀಲ ಕೆದಕಿ ಒಂದು ಟ್ಯೂಬು ಹೊರತೆಗೆದು, ಅವನ ಮುಂದೆ ನೆಲದ ಮೇಲೆ ಮೊಣಕಾಲೂರಿ, ಎಡಪಾದವನ್ನು ಎಡ ಅಂಗೈಗೆ ತೆಗೆದುಕೊಂಡಳು. ಅಮ್ಮನದೇ ಬೆರಳು, ಅಷ್ಟೇ ಗಿಡ್ಡ, ಅಷ್ಟೇ ಬೆಚ್ಚಗೆ. ಹೀಗೇ ಬಿಟ್ಟುಬಿಟ್ಟರೆ ಹಚ್ಚಿ ಮುಗಿಸುತ್ತಾಳೆ, ಮನೆಗೆ ಕರೆದುಕೊಂಡು ಹೋಗುತ್ತಾಳೆ, ಕೊನೆಯವರೆಗೂ ನೋಡಿಕೊಳ್ಳುತ್ತಾಳೆ, ಗೋರಿಯ ಹತ್ತಿರ ನಿಂತು ಇವನಿಗಾಗಿಯೂ ಇನ್ನಾರನ್ನೋ ಬೈಯುತ್ತಾಳೆ. ಡಾಕ್ಟರ್ ಗೇದರ್ ಕಿಟಕಿಯ ಕಡೆ ತಿರುಗಿ ಏನೋ ಬರೆಯುತ್ತಿದ್ದಳು.

“ಹಚ್ಬೇಡ ಯೋಲಿ.”

“ಎರಡೇ ನಿಮಿಷ ಅಪ್ಪಾ, ಸುಮ್ನಿರು.”

“ನಿಮ್ಮಮ್ಮನ ಕಾಲೂ ಅವತ್ತು ಹೀಗೇ ಇತ್ತು. ಏನೂ ಹಚ್ಚಿರ್ಲಿಲ್ಲ. ಡಾಕ್ಟರು ಕೇಳಿದ್ರು. ಷೂ ಬಿಚ್ತೀರಾ, ನೋಡ್ಲಾ ಅಂತ ಕೇಳಿದ್ರಮ್ಮ. ಅವಳು ಬಿಚ್ಚೋಳೇ. ಬೇಡ ಅಂದವನು ನಾನು.”

ಅವಳು ತಲೆ ಎತ್ತಲಿಲ್ಲ. ಟ್ಯೂಬಿನಿಂದ ಬೆರಳ ಮೇಲೆ ಬಿದ್ದಿದ್ದ ಬಿಳಿಯ ಮುದ್ದೆ ಹಾಗೇ ಇತ್ತು. ಹಿಮ್ಮಡಿಯ ಕೆಳಗಿನ ಅವಳ ಅಂಗೈ ಹಿಡಿದುಕೊಂಡೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಹೊರಗಿನ ಕೋಣೆಯಲ್ಲಿ ನೇರಳೆ ಟೋಪಿಯ ಹೆಂಗಸು ಮತ್ತೇನೋ ಅಂದಿರಬೇಕು, ಎಲ್ಲರೂ ನಕ್ಕದ್ದು ಕೇಳಿಸಿತು. ಯೋಲಾಂಡ ಬೆರಳನ್ನು ತನ್ನ ಕೋಟಿಗೆ ಒರೆಸಿಕೊಂಡಳು. ಟ್ಯೂಬಿಗೆ ಮುಚ್ಚಳ ಹಾಕಿದಳು. ಆಮೇಲೆ ಆ ಕಾಲನ್ನು ಮೆಲ್ಲಗೆ, ಎರಡೂ ಕೈಯಲ್ಲಿ, ನೆಲದ ಮೇಲಿಟ್ಟು ಎದ್ದು ನಿಂತಳು. ನೆಲ ತಣ್ಣಗಿತ್ತು.